ಹಿಂದಿನ ತುದಿ

ರಜೆಯ ಮೂರನೇ ದಿನ ಬೆಳಿಗ್ಗೆ ಮಗಳು ಜೋಡಿ ನಡಿಗೆಗೆ ಅಪ್ಪ ತುಂಬಿದ್ದ ಅರ್ಜಿಯನ್ನು ಗಟ್ಟಿಯಾಗಿ ಓದುತ್ತ ನಗುತ್ತಿದ್ದಳು. ಕೊನೆಯ ಸಾಲಿಗೆ ಬಂದಾಗ ನಗು ನಿಂತಿತು.

"ಅಪ್ಪ, ಜೊತೆಗಾರರ ಹೆಸರು ಅಂತ ಇರೋ ಕಡೆ ಯಾರ ಹೆಸರು ಬರ್ದಿದೀಯ ನೋಡು."

ಸರ್ವೆಯರ್ ಕನ್ನಡಕ ಹಾಕಿಕೊಂಡು ನೋಡಿದ. ತನ್ನದೇ ದುಂಡು ಅಕ್ಷರ. ಕಚೇರಿಯಲ್ಲಿ ಎಲ್ಲರೂ ಕಡ್ಡಿ ಎನ್ನುತ್ತಿದ್ದ ಸಹಾಯಕನ ಪೂರ್ತಿ ಹೆಸರು, ಅವನ ತಂದೆಯ ಹೆಸರಿನ ಸಮೇತ. ಕಡ್ಡಿ ಸತ್ತು ಹನ್ನೊಂದು ವರ್ಷವಾಗಿತ್ತು.

"ಕೈ ಅಭ್ಯಾಸ," ಎಂದ. "ಫೀಲ್ಡ್ ಬುಕ್ಕಲ್ಲಿ ದಿನಾ ಎರಡು ಹೆಸರು ಬರೀಬೇಕಿತ್ತು. ಅಳೆದವನದ್ದು, ಹಿಂದಿನ ತುದಿ ಹಿಡಿದವನದ್ದು."

"ಅವ್ರು ಒಪ್ಪಲ್ಲ ಮಾವ," ಎಂದ ಅಳಿಯ, ಚಹಾ ಹೀರುತ್ತ. "ಇಬ್ಬರದೂ ಡಾಕ್ಟರ್ ಸರ್ಟಿಫಿಕೇಟ್ ಕೇಳ್ತಾರೆ."

ಮಗಳು ಗಂಡನ ಮೊಣಕಾಲಿಗೆ ಒದ್ದಳು. ಸರ್ವೆಯರನ ಹೆಂಡತಿ ಬ್ರೆಡ್ಡು ಕುಯ್ಯುತ್ತಿದ್ದವಳು ಚಾಕು ಕೆಳಗಿಟ್ಟು ಗಂಡನ ಮುಖ ನೋಡಿದಳು.

ನಡಿಗೆ ಎರಡು ದಿನದ್ದು, ನೂರು ಕಿಲೋಮೀಟರ್. ಇಬ್ಬಿಬ್ಬರಾಗಿಯೇ ನಡೆಯಬೇಕು, ಒಬ್ಬರು ಬಿಟ್ಟರೆ ಇಬ್ಬರೂ ಬಿಟ್ಟಂತೆ. ಶನಿವಾರದೊಳಗೆ ಅರ್ಜಿ ತಲುಪಬೇಕು. ನಿವೃತ್ತಿಯಾದ ಹತ್ತು ತಿಂಗಳಿಂದ ಸರ್ವೆಯರ್ ಇದಕ್ಕಾಗಿಯೇ ಬದುಕಿದವನಂತಿದ್ದ. ಕೆರೆಯ ದಡದ ಈ ಬಾಡಿಗೆ ಮನೆಗೆ ಎಲ್ಲರೂ ವಿಶ್ರಾಂತಿಗೆಂದು ಬಂದಿದ್ದರೆ, ಅವನು ಎರಡು ಜೊತೆ ಬೂಟು ತಂದಿದ್ದ. ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂದು ಮನೆಯವರು ಸುಮ್ಮನಿದ್ದರು.

ಸಕ್ಕರೆಗೂ ಅದಕ್ಕೂ ಸಂಬಂಧವಿರಲಿಲ್ಲ.

ಅವನ ಕಚೇರಿಯಲ್ಲಿ ಆಳು ಕಡಿಮೆ. ಹಾಗಾಗಿ ಅಳೆಯುವ ಚೈನಿನ ಮುಂದಿನ ತುದಿಯನ್ನು ಅವನೇ ಹಿಡಿದು ನಡೆಯುತ್ತಿದ್ದ. ಹಿಂದಿನ ತುದಿ ಕಡ್ಡಿಯದು. ಇಪ್ಪತ್ತು ಮೀಟರಿಗೊಮ್ಮೆ ಮುಂದಿನವನು ನೆಲಕ್ಕೆ ಒಂದು ಕಬ್ಬಿಣದ ಮೊಳೆ ಚುಚ್ಚುತ್ತಾನೆ. ಹಿಂದಿನವನು ಅದರ ಹತ್ತಿರ ಬಂದು, ಕಿತ್ತುಕೊಂಡು, "ತಗೊಂಡೆ!" ಎಂದು ಕೂಗುತ್ತಾನೆ. ಆ ಕೂಗು ಕೇಳದೆ ಮುಂದಿನವನು ಇನ್ನೊಂದು ಮೊಳೆ ಚುಚ್ಚುವಂತಿಲ್ಲ. ಮುಂದಿನವನಿಗೂ ಒಂದು ಕೂಗಿತ್ತು. ದಾರಿಯಲ್ಲಿ ಗುಂಡಿ, ಹಾವು, ಮುಳ್ಳುತಂತಿ ಕಂಡರೆ ಅವನು ಹಿಂದಕ್ಕೆ ಹೇಳಬೇಕು. ಹತ್ತೊಂಬತ್ತು ವರ್ಷ ಇಬ್ಬರೂ ಹೀಗೆ ಕೂಗಾಡುತ್ತ ಊರೂರು ಅಳೆದಿದ್ದರು.

ಕಡ್ಡಿ ಹಾಳುಬಾವಿಗೆ ಬಿದ್ದು ಸತ್ತ ಮೇಲೆ ಸರ್ವೆಯರ್ ನಕ್ಷೆ ಬಿಡಿಸುವ ಮೇಜು ಕೇಳಿ ಪಡೆದ. ಹತ್ತು ವರ್ಷ ಕುರ್ಚಿ ಬಿಟ್ಟೇಳಲಿಲ್ಲ. ನಿವೃತ್ತಿಯಾಗಿ, ಡಾಕ್ಟರ ಮಾತಿಗೆ ನಡೆಯಲು ಹೊರಟ ಮೊದಲ ದಿನವೇ ಅದು ಶುರುವಾಯಿತು. ಇಪ್ಪತ್ತೇಳು ಹೆಜ್ಜೆ, ಅಂದರೆ ಒಂದು ಚೈನು. ಇಪ್ಪತ್ತೇಳನೆಯದಕ್ಕೆ ಕಾಲು ತಾನಾಗಿ ತಡೆಯುತ್ತಿತ್ತು. ಕಿವಿ ಹಿಂದಕ್ಕೆ ಹೋಗುತ್ತಿತ್ತು. ಬೆನ್ನ ಹಿಂದೆ, ಸರಿಯಾಗಿ ಇಪ್ಪತ್ತು ಮೀಟರ್ ದೂರದಲ್ಲಿ, ಯಾರೋ ಬಾಯಿ ತೆರೆದು ಕೂಗದೆ ನಿಂತಂತೆ. ಮತ್ತೆ ಇಪ್ಪತ್ತೇಳು ಹೆಜ್ಜೆ. ಮತ್ತೆ ಅದೇ ಜಾಗ ಖಾಲಿ.

ನೂರು ಕಿಲೋಮೀಟರ್ ಎಂದರೆ ಐದು ಸಾವಿರ ಚೈನು. ಐದು ಸಾವಿರ ಸಲ ಕಾದರೆ ಕಿವಿ ಸೋತು ಬಿಟ್ಟುಬಿಡಬಹುದು ಎಂಬುದು ಅವನ ಲೆಕ್ಕ. ಯಾರಿಗೂ ಹೇಳಿರಲಿಲ್ಲ.

"ನನ್ನ ಹೆಸರು ಹಾಕಿ," ಎಂದಳು ಹೆಂಡತಿ.

"ನೀನಾ? ಮಹಡಿ ಹತ್ತೋಕೇ ಎರಡು ಸಲ ಕೂತ್ಕೋತೀಯ."

"ನಾಳೆ ಇಪ್ಪತ್ತೈದು ಕಿಲೋಮೀಟರ್ ನಡೆದು ನೋಡೋಣ. ಸರಿ ಅನ್ನಿಸಿದ್ರೆ ನಾನೇ ರುಜು ಹಾಕ್ತೀನಿ. ಇಲ್ಲಾಂದ್ರೆ ಈ ಹುಚ್ಚು ಇಲ್ಲಿಗೇ ಬಿಡ್ಬೇಕು. ಒಪ್ಪಿಗೆನಾ?"

ಬೇರೆ ದಾರಿ ಇರಲಿಲ್ಲ. ಒಪ್ಪಿದ.

ಮರುದಿನ ಆರು ಗಂಟೆಗೆ ಕೆರೆಯ ಏರಿ ಹತ್ತಿದರು. ಏರಿಯ ಮೇಲೆ ಕಿರಿದಾದ ಮಣ್ಣಿನ ದಾರಿ, ಒಂದು ಕಡೆ ನೀರು, ಇನ್ನೊಂದು ಕಡೆ ಸೊಂಟದೆತ್ತರ ಹುಲ್ಲು. ಹೆಂಡತಿ ಹಿಂದೆ ಉಳಿದಳು.

"ಪಕ್ಕದಲ್ಲಿ ಬಾ."

"ಪಕ್ಕದಲ್ಲಿ ದಾರಿ ಎಲ್ಲಿದೆ? ಮೂವತ್ತೆಂಟು ವರ್ಷದಿಂದ ಹಿಂದೇನೇ ಬಂದಿದೀನಿ, ಇವತ್ತೇನು ಹೊಸದಾ?"

"ಹಾಗಾದ್ರೆ ಏನಾದ್ರೂ ಮಾತಾಡ್ತಾ ಬಾ."

"ಅಯ್ಯೋ ದೇವ್ರೇ! ಬಾಯಿ ಮುಚ್ಚೇ ಅಂತಿದ್ದೋರು ಇವತ್ತು ಮಾತಾಡು ಅಂತಾರಲ್ಲ, ಕೇಳಿಸ್ಕೊಳ್ಳೋಕೆ ಮಗಳೂ ಇಲ್ಲ."

ಮಾತಾಡಿದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ ಬೇರೆಯವರ ಮಾತು ಜೋಡಿಸಿದವಳು, ತನ್ನದನ್ನು ಕೂಡಿಟ್ಟಿದ್ದಳೇನೋ. ಬಾಡಿಗೆ ಮನೆಯ ಮೊಂಡು ಚಾಕು, ಅಳಿಯನ ಗೊರಕೆ, ಮಗಳು ಅವನಿಗೆ ಕೊಡುವ ಸಲಿಗೆ, ತನ್ನ ಎಡಗಾಲಿನ ಬೂಟಿನ ದ್ರೋಹ. ಸರ್ವೆಯರನ ಕಾಲು ಹಗುರಾಯಿತು. ಹತ್ತನೇ ಕಿಲೋಮೀಟರಿನಲ್ಲಿ ತಾನು ಹೆಜ್ಜೆ ಎಣಿಸುತ್ತಿಲ್ಲ ಎಂದು ಗೊತ್ತಾಗಿ ಬೆಚ್ಚಿದ. ಇಷ್ಟೇ ಸಾಕಿತ್ತಾ ಎನ್ನಿಸಿತು. ಶನಿವಾರ, ಅರ್ಜಿ, ರುಜು, ಎಲ್ಲ ಕೈಗೆ ಬಂದಂತೆ ಕಂಡಿತು.

ಹದಿನಾಲ್ಕನೆಯದರ ನಂತರ ಏರಿ ಬಳಸಿಕೊಂಡು ತಿರುಗುವಲ್ಲಿ ಹಿಂದಿನ ಮಾತು ನಿಂತಿತು.

ಇನ್ನೊಂದಷ್ಟು ಹೆಜ್ಜೆ ಹಾಕಿ ಅವನೂ ನಿಂತ. ಎಷ್ಟನೆಯ ಹೆಜ್ಜೆ ಎಂದು ಕಾಲಿಗೆ ಗೊತ್ತಿತ್ತು. ಹುಲ್ಲು ಸರಿದ ಸದ್ದು, ಆಮೇಲೆ ಏನೂ ಇಲ್ಲ. ಕುತ್ತಿಗೆ ತಿರುಗಲಿಲ್ಲ. ನೀರಿನ ಮೇಲೆ ಬಿಸಿಲು ಚುಚ್ಚುತ್ತಿತ್ತು. ಕಣ್ಣು ಮುಚ್ಚದೆ ಅದನ್ನೇ ನೋಡಿದ. ಕೈಯಲ್ಲಿಲ್ಲದ ಚೈನಿನ ಹಿಡಿಕೆಯನ್ನು ಬೆರಳುಗಳು ಬಿಗಿಯಾಗಿ ಹಿಡಿದವು.

ಬಹಳ ಹೊತ್ತಿನ ಮೇಲೆ ಕುಂಟುವ ಹೆಜ್ಜೆ ಹತ್ತಿರ ಬಂತು. ಹೆಂಡತಿ ಅವನನ್ನು ದಾಟಿ ಎದುರಿಗೆ ನಿಂತಳು. ಅಂಗೈ ತರಚಿತ್ತು, ಸೀರೆಗೆ ಮೊಣಕಾಲವರೆಗೆ ಮಣ್ಣು.

"ಜಾರಿ ಹುಲ್ಲಿಗೆ ಬಿದ್ದೆ. ಎರಡು ಸಲ ಕರೆದೆ. ಕೇಳಿಸ್ಲಿಲ್ವಾ?"

"ಇಲ್ಲ."

"ಕೇಳಿಸ್ದೇ ಇದ್ರೆ ನಿಂತಿದ್ದು ಯಾಕೆ?"

ಅವನು ಸೀರೆಯ ಮಣ್ಣು ಕೊಡವಲು ಬಗ್ಗಿದರೆ ಅವಳು ಹಿಂದೆ ಸರಿದಳು.

"ನಿಂತೋರು ತಿರುಗಿ ಯಾಕೆ ನೋಡ್ಲಿಲ್ಲ? ನಾನು ಕೆಳಗಿಂದ ನೋಡ್ತಾನೇ ಇದ್ದೆ ರೀ. ಕಂಬ ನಿಂತ ಹಾಗೆ ನಿಂತಿದ್ರಿ."

"ಅವತ್ತೂ ಹೀಗೇ ನಿಂತಿದ್ದೆ," ಎಂದ.

ಅವತ್ತು ಯಾವುದು ಎಂದು ಅವಳು ಕೇಳಲಿಲ್ಲ. ದಾರಿಯ ಅಂಚಿನ ಕಲ್ಲಿನ ಮೇಲೆ ಕೂತಳು. ಅವನು ನಿಂತೇ ಹೇಳಿದ. ಬಾವಿಗೆ ಬೀಳುವ ಹಿಂದಿನ ದಿನ ಚಹಾದಂಗಡಿಯಲ್ಲಿ ಹತ್ತು ಜನರ ಎದುರು ಕಡ್ಡಿ, "ನಮ್ಮ ಸಾಹೇಬ್ರು ಒಂದು ಹೊಲ ಅಳೆಯೋಷ್ಟರಲ್ಲಿ ಮಾಲೀಕನಿಗೆ ಮೊಮ್ಮಕ್ಕಳಾಗಿರ್ತಾರೆ" ಎಂದಿದ್ದ. ಎಲ್ಲರೂ ನಕ್ಕಿದ್ದರು. ಸರ್ವೆಯರ್ ಮಾತು ಬಿಟ್ಟ. ಮರುದಿನ ಹುಲ್ಲಿನ ಬಯಲಿನಲ್ಲಿ ಕಡ್ಡಿಯ ಕೂಗು ಬಿಟ್ಟರೆ ಬೇರೆ ಮಾತಿಲ್ಲದೆ ಚೈನು ಎಳೆದರು. ನಡುವೆ ಕಟ್ಟೆಯಿಲ್ಲದ ಬಾವಿ ಬಂತು.

"ನೀವು ನೋಡಿದ್ರಾ?"

"ನೋಡಿದೆ. ಸುತ್ತಿ ದಾಟಿದೆ."

"ಮರೆತ್ರಾ ಹೇಳೋಕೆ?"

"ಮರೀಲಿಲ್ಲ ಕಣೇ. ಹೇಳ್ಬೇಕಾದ್ರೆ ನಾನೇ ಮೊದಲು ಬಾಯಿ ಬಿಡ್ಬೇಕಿತ್ತು. ಅವನಿಗೂ ಕಣ್ಣಿದೆ, ನೋಡ್ಕೋತಾನೆ ಅಂದ್ಕೊಂಡೆ. ಆಮೇಲೆ ಕೂಗು ಬರ್ಲಿಲ್ಲ. ಇವನ ಸೊಕ್ಕು ನೋಡು, ಕೂಗೋದನ್ನೂ ಬಿಟ್ಟ ಅಂತ ನಾನೂ ತಿರುಗ್ಲಿಲ್ಲ."

"ಎಷ್ಟು ಹೊತ್ತು?"

"ಅಲ್ಲೇ ನಿಂತು ಫೀಲ್ಡ್ ಬುಕ್ಕಲ್ಲಿ ಒಂದು ಪುಟ ಬರೆದೆ. ಗಡಿಯ ಕಲ್ಲುಗಳ ವಿವರ."

ಹುಲ್ಲು ಮುಚ್ಚಿದ್ದರಿಂದ ಬಾವಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ ಎಂದು ವರದಿ ಬರೆದವನೂ ಅವನೇ. ಕಡ್ಡಿಯ ಹೆಂಡತಿ ಮನೆಗೆ ಬಂದಾಗ ಆ ಮಾತನ್ನೇ ಸರ್ವೆಯರನ ಹೆಂಡತಿ ಅವಳಿಗೆ ಹೇಳಿದ್ದಳು, ಕೈ ಹಿಡಿದುಕೊಂಡು, ಮೂರು ಸಲ.

ಅವಳು ತರಚಿದ ಅಂಗೈ ನೋಡಿಕೊಂಡಳು. ಅಳಲಿಲ್ಲ.

"ನನ್ನ ಬಾಯಲ್ಲೂ ಸುಳ್ಳು ಹೇಳಿಸಿದ್ರಿ."

"ಹೌದು."

"ಇನ್ನು ಹನ್ನೊಂದು ಕಿಲೋಮೀಟರ್ ನಿಮ್ಮ ಹಿಂದೆ ಬರ್ಲಾ? ಆಮೇಲೆ ಇನ್ನೂ ನೂರು? ನನ್ನನ್ನ ಅವನ ಜಾಗದಲ್ಲಿ ಇಟ್ಕೊಂಡು ಮಾತಾಡಿಸ್ತಾ ಇರೋದು, ಅಷ್ಟೇ ತಾನೇ ಈ ನಡಿಗೆ?"

ಅವಳು ಕೈಚೀಲದಿಂದ ಫೋನ್ ತೆಗೆದು, ಹುಡುಕದೆ, ಹತ್ತು ಅಂಕಿಗಳನ್ನು ನೇರವಾಗಿ ಒತ್ತಿದಳು. ವರ್ಷಕ್ಕೆರಡು ಸಲ ಅವಳು ಆ ನಂಬರಿಗೆ ಮಾತಾಡುತ್ತಿದ್ದುದು ಸರ್ವೆಯರನಿಗೆ ಗೊತ್ತಿರಲಿಲ್ಲ. ಅತ್ತ ರಿಂಗಾಗುತ್ತಿರುವಾಗ ಫೋನನ್ನು ಅವನ ಕೈಗಿಟ್ಟಳು.

"ಹೇಳಿ ಅಕ್ಕಾ," ಎಂದಿತು ಕಡ್ಡಿಯ ಹೆಂಡತಿಯ ದನಿ. ಹಿಂದೆ ಹೊಲಿಗೆ ಮಿಷನ್ನು ಓಡುತ್ತಿತ್ತು.

"ನಾನಮ್ಮ. ಸರ್ವೆಯರ್."

ಮಿಷನ್ನು ನಿಂತಿತು.

"ಹೇಳಿ ಸಾಹೇಬ್ರೇ."

"ಅವತ್ತಿನ ವಿಷಯ..." ಎಂದ.

"ನೀವು ಮಾತು ಬಿಟ್ಟಿದ್ರಿ," ಎಂದಳು ಅವಳು. "ಬೆಳಿಗ್ಗೆ ಹೊರಡೋವಾಗ ಹೇಳಿದ್ರು. ಸಂಜೆ ನಾನೇ ಸಾಹೇಬ್ರ ಕಾಲು ಹಿಡೀತೀನಿ ಬಿಡು ಅಂದ್ರು. ಈ ಹನ್ನೊಂದು ವರ್ಷದಲ್ಲಿ ಒಂದು ದಿನ ನೀವಾಗೇ ಮಾತಾಡ್ತೀರಿ ಅಂತಿದ್ದೆ. ಬಾವಿ ನಿಮಗೆ ಕಾಣಿಸಿತ್ತಾ?"

ಸರ್ವೆಯರ್ ಹೆಂಡತಿಯ ಮುಖ ನೋಡಿದ. ಅವಳು ಅವನ ಸಹಾಯಕ್ಕೆ ಬರಲಿಲ್ಲ.

"ಕಾಣಿಸಿತ್ತು," ಎಂದ.

ಅತ್ತ ಕಡೆ ಉಸಿರು ಮಾತ್ರ ಕೇಳುತ್ತಿತ್ತು. ಬೈಯುತ್ತಾಳೆ ಎಂದು ಕಾದ. ಬೈಯಲಿಲ್ಲ. ಅಳುತ್ತಾಳೆ ಎಂದು ಕಾದ. ಅದೂ ಇಲ್ಲ. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. ಅವಳು ಇಡಲಿಲ್ಲ, ಇವನಿಗೂ ಇಡುವ ಧೈರ್ಯವಾಗಲಿಲ್ಲ.

ಹೆಂಡತಿ ಕಲ್ಲಿನ ಮೇಲೆ ಕೂತಲ್ಲೇ ಬೂಟು ಬಿಚ್ಚತೊಡಗಿದಳು.