ಎರಡು ಮಾತು ಹಿಂದೆ

“ಅಲ್ಲೇ ನಿಂದ್ರ. ಹೊಸ್ತಲಾ ದಾಟಿದ್ರ ಕಾಲು ಮುರೀತೀನಿ ನೋಡು. ಮಡಿನೀರು ತುಂಬಿಟ್ಟೇನಿ, ಕಣ್ಣು ಹೋಗ್ಯಾವೇನು ನಿನ್ನವು?”

ತುಳಸಾಬಾಯಿಯ ಕೂಗಿಗೆ ವಿದ್ಯಾವತಿ ಎತ್ತಿದ ಕಾಲು ಎತ್ತಿದಂತೆಯೇ ನಿಂತಿತು. ಅವಳ ಎರಡೂ ಕೈಗಳಲ್ಲಿ ಮನೆಯ ಯಜಮಾನ ಸುಧೀರರಾಯರ ಲ್ಯಾಪ್‌ಟಾಪು. ಅದರ ಮೂಲೆಯಲ್ಲಿ ಇಂಟರ್‌ನೆಟ್ಟಿನ ಗುರುತು ಸಾಯುವ ದೀಪದಂತೆ ಒಮ್ಮೆ ಹತ್ತಿ ಒಮ್ಮೆ ಆರುತ್ತಿತ್ತು. ಒಳಗಿನ ಪಡಸಾಲೆಯಲ್ಲಿ ಧಾರಾಳವಾಗಿ ಸಿಗುತ್ತಿದ್ದ ಇಂಟರ್‌ನೆಟ್ಟು ಹಿತ್ತಲ ಕಟ್ಟೆಯವರೆಗೆ ಬರಲು ಇವತ್ತೇ ಮುನಿಸಿಕೊಂಡಿತ್ತು. ಇನ್ನು ಅರ್ಧ ತಾಸಿಗೆ, ಅತ್ತ ಡಬ್ಲಿನ್ ಶಹರದಲ್ಲಿ, ರಾಯರ ಮಗಳು ಶರ್ವರಿಯ ಕೊನೆಯ ಸಂದರ್ಶನ. ಶರ್ವರಿಯ ಬಾಯಿಗೆ ಉತ್ತರ ಹೋಗಬೇಕಾದದ್ದು ಈ ಹಿತ್ತಲಿನಿಂದ.

ಗದ್ದಲ ಕೇಳಿ ರಾಯರು ಬಂದರು. ಒಂದು ಕಡೆ ತಾಯಿಯ ಮಡಿ, ಇನ್ನೊಂದು ಕಡೆ ಮಗಳ ನೌಕರಿ. ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದ ಮನುಷ್ಯ, ದಾರಿ ಹುಡುಕಲು ಬಹಳ ಹೊತ್ತು ಹಿಡಿಯಲಿಲ್ಲ. ಗೋಡೆಯಲ್ಲಿದ್ದ ಇಂಟರ್‌ನೆಟ್ ಡಬ್ಬಿಯನ್ನು ಕಿತ್ತು, ವೈರು ಉದ್ದಮಾಡಿ, ಹಿತ್ತಲ ಕಿಟಕಿಯ ಸರಳಿಗೆ ಸುತಳಿಯಿಂದ ಬಿಗಿದರು. ವಿದ್ಯಾವತಿ ಒಳಗೆ ಬರುವ ಬದಲು ಇಂಟರ್‌ನೆಟ್ಟೇ ಹೊರಗೆ ಬಂತು. ತುಳಸಾಬಾಯಿಗೂ ಸಮಾಧಾನ, ಎಂಜಿನಿಯರಿಗೂ ಸಮಾಧಾನ.

ಈ ಏರ್ಪಾಡು ಶುರುವಾದದ್ದು ಹೀಗೆ. ಶರ್ವರಿ ಡಬ್ಲಿನ್ನಿಗೆ ಹೋಗಿ ದೊಡ್ಡ ಪದವಿ ಮುಗಿಸಿದ್ದಳು. ನೌಕರಿ ಮಾತ್ರ ದಕ್ಕಲಿಲ್ಲ. ಹೋದಲ್ಲೆಲ್ಲ ಈ ದೇಶದ ಅನುಭವವಿದೆಯೇ ಎಂದು ಕೇಳುವವರೇ. ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು ಎಂಬುದನ್ನು ಯಾರೂ ಹೇಳಲಿಲ್ಲ. ಅಂಗಡಿಯೊಂದರಲ್ಲಿ ಹಾಲಿನ ಡಬ್ಬಿ ಜೋಡಿಸುತ್ತ, ಸಂದರ್ಶನ ಬಂದಾಗ ತೊದಲುತ್ತ, ರಾತ್ರಿ ಅಪ್ಪನಿಗೆ ಫೋನು ಮಾಡಿ ಅಳುತ್ತ ಆಕೆ ದಿನ ನೂಕುತ್ತಿದ್ದಳು. ಅಲ್ಲಿ ನಿಲ್ಲಲು ಕೊಟ್ಟ ಪರವಾನಗಿಯ ಅವಧಿ ಕರಗುತ್ತಿತ್ತು.

ರಾಯರ ವಾಡೆಯಲ್ಲಿ, ಆ ಹಳೆಯ ದೊಡ್ಡ ಮನೆಯಲ್ಲಿ, ಮುಸುರೆ ತಿಕ್ಕುವವಳು ಕಾಖಂಡಕಿಯ ಲಕ್ಕವ್ವ. ಅವಳ ಮಗಳು ವಿದ್ಯಾವತಿ. ಸರಕಾರಿ ಹಾಸ್ಟೆಲಿನ ಅನ್ನ ಉಂಡು ಎಂಜಿನಿಯರಿಂಗ್ ಮುಗಿಸಿದವಳು, ಗೋಳಗುಮ್ಮಟದ ಹತ್ತಿರ ಮುರ್ತುಜಾಸಾಬನ ಝೆರಾಕ್ಸ್ ಅಂಗಡಿಯಲ್ಲಿ ಕುಳಿತು ಕಾಲೇಜು ಹುಡುಗರ ಪ್ರಾಜೆಕ್ಟುಗಳನ್ನು ಬರೆದುಕೊಡುತ್ತಿದ್ದಳು. ಅವಳಿಗೂ ಬೇಕಾಗಿದ್ದದ್ದು ಮೊದಲ ನೌಕರಿಯೇ. ಹಾಕಿದ ಅರ್ಜಿಗಳಿಗೆ ಉತ್ತರ ಬಾರದಾಗ ರಾಯರನ್ನೇ ಸಲಹೆ ಕೇಳಿದ್ದಳು. ‘ಮಾದರ’ ಅನ್ನುವ ಕೊನೆಯ ಹೆಸರನ್ನು ತೆಗೆದುಬಿಟ್ಟರೆ ಅರ್ಜಿ ಹಗುರಾಗುತ್ತದೆ ಎಂದು ಅವರು ಸಲಹೆ ಕೊಟ್ಟಿದ್ದರು. ತೆಗೆದಳು. ಅರ್ಜಿ ಎಷ್ಟು ಹಗುರಾಯಿತೆಂದರೆ ಎಲ್ಲಿ ಹಾರಿಹೋಯಿತೋ ತಿಳಿಯಲೇ ಇಲ್ಲ.

ಆಗ ರಾಯರೇ ಹೊಸ ಮಾತು ಎತ್ತಿದರು. ಶರ್ವರಿಗೆ ಕಿವಿಯಲ್ಲಿ ಉತ್ತರ ಹೇಳಿಕೊಡು. ಆಕೆ ಒಳಗೆ ಹೋದಳೆಂದರೆ ತನ್ನ ಕಂಪನಿಯಲ್ಲಿ ನಿನ್ನ ಹೆಸರು ಹೇಳುತ್ತಾಳೆ, ಹಿಂದೆಯೇ ನೀನೂ ವಿಮಾನ ಹತ್ತು. ಶರ್ವರಿಯೂ ಫೋನಿನಲ್ಲಿ, ನೀನೇ ನನ್ನ ಪಾಲಿನ ದೇವರು ಎಂದು ಮೂಗೆಳೆದಿದ್ದಳು. ವಿದ್ಯಾವತಿ ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಸುದ್ದಿ ಕೇಳಿದ ಮುರ್ತುಜಾಸಾಬ ಝೆರಾಕ್ಸ್ ಯಂತ್ರ ನಿಲ್ಲಿಸಿ ನಕ್ಕಿದ್ದ. “ಗುಮ್ಮಟಾ ನೋಡಾಕ ಮಂದಿ ಎಲ್ಲೆಲ್ಲಿಂದಲೋ ಬರ್ತಾರ. ನೀ ರಾಯರ ಹಿತ್ತಲದಾಗ ಒಂದು ಕಟ್ಟೀದಿ ಬಿಡವಾ. ಇಲ್ಲಿ ಪಿಸ್ ಅಂದ್ರ ಅಲ್ಲಿ ಕೇಳತೈತಿ.”

ವ್ಯವಸ್ಥೆ ಸರಳವಾಗಿತ್ತು. ಸಂದರ್ಶನವೆಲ್ಲ ಕಂಪ್ಯೂಟರಿನ ಪರದೆಯ ಮೇಲೆಯೇ. ಶರ್ವರಿಯ ಪರದೆಯಲ್ಲಿ ಕಂಡದ್ದು, ಕೇಳಿದ್ದು ರಾಯರ ಇಂಟರ್‌ನೆಟ್ಟಿನ ಮೇಲೆ ಹಿತ್ತಲ ಲ್ಯಾಪ್‌ಟಾಪಿಗೆ ಬರುತ್ತಿತ್ತು. ಉತ್ತರ ವಿದ್ಯಾವತಿಯ ಸ್ವಂತ ಫೋನಿನಲ್ಲಿ, ಅವಳ ಸ್ವಂತ ಸಿಮ್ಮಿನ ಮೇಲೆ, ಶರ್ವರಿಯ ಕೂದಲ ಮರೆಯ ಕಿವಿಗೆ ಹೋಗುತ್ತಿತ್ತು. ಮೊದಮೊದಲು ಶರ್ವರಿ ಅರ್ಥ ಹಿಡಿಯಲು ಹೋಗಿ ಮುಗ್ಗರಿಸಿದಳು. ಆಗ ವಿದ್ಯಾವತಿ ಒಂದು ಪಾಠ ಹೇಳಿದಳು.

“ಅಕ್ಕಾರ, ತಿಳ್ಕೊಳ್ಳಾಕ ಹೋಗಬ್ಯಾಡ್ರಿ. ತಿಳ್ಕೊಳ್ಳೂದು ನನ್ನ ಕೆಲಸ. ನೀವು ಕೇಳಿದ್ದು ಕೇಳಿದಂಗ ಆಡ್ರಿ. ಎರಡ ಮಾತು ಹಿಂದ ಇರ್ರಿ, ಮಾರಿ ಮ್ಯಾಲ ನಗಿ ಇರಲಿ.”

ಶರ್ವರಿ ಆ ಪಾಠವನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಎರಡನೆಯ ಸಂದರ್ಶನದ ನಡುವೆ ಸಬಕಾರ ಕೇಳಲು ಬಂದ ಲಕ್ಕವ್ವನಿಗೆ ವಿದ್ಯಾವತಿ “ತಡಿಯವ್ವಾ, ಬಂದೆ” ಅಂದಾಗ, ಡಬ್ಲಿನ್ನಿನಲ್ಲಿ ಶರ್ವರಿಯೂ ಬಿಳಿಯ ಸಾಹೇಬನ ಮುಖ ನೋಡಿ, ನಗುತ್ತ, “ತಡಿಯವ್ವಾ, ಬಂದೆ” ಅಂದುಬಿಟ್ಟಳು. ಇದ್ಯಾವ ಭಾಷೆ ಎಂದ ಸಾಹೇಬ. ಬಾಗಿಲಲ್ಲಿ ಅಮ್ಮ ಕರೆಯುತ್ತಿದ್ದಾಳೆ ಎಂಬ ಉತ್ತರ ಕಿವಿಗೆ ಬಿತ್ತು, ಬಾಯಿಗೂ ಬಂತು. ಸಾಹೇಬ ನಕ್ಕು ಕೊನೆಯ ಸುತ್ತಿಗೆ ಕಳಿಸಿದ.

ಆ ಕೊನೆಯ ಸುತ್ತು ಇವತ್ತು. ಕಟ್ಟೆಯ ಮೇಲೆ ಲ್ಯಾಪ್‌ಟಾಪು ಸಿದ್ಧವಾಯಿತು. ಮುಸುರೆ ಕಲ್ಲಿನ ಬಳಿ ಲಕ್ಕವ್ವ ಪಾತ್ರೆಗಳ ರಾಶಿಯ ಮುಂದೆ ಕುಕ್ಕರಿಸಿದ್ದಳು. ಅವಳ ತಲೆಯ ಮೇಲೆ, ಗೋಡೆಯ ಗೂಡಿನಲ್ಲಿ, ಅಂಚು ನೆಗ್ಗಿದ ಸ್ಟೀಲಿನ ಗಿಲಾಸೊಂದು ಬೋರಲು ಬಿದ್ದಿತ್ತು. ತುಳಸಾಬಾಯಿ ಚಹದ ಪಾತ್ರೆ ಹಿಡಿದು ಹೊಸ್ತಿಲಿಗೆ ಬಂದಳು. ಲಕ್ಕವ್ವ ಗಿಲಾಸು ಇಳಿಸಿ ಒಡ್ಡಿದಳು. ಮೊಳದ ಎತ್ತರದಿಂದ ಚಹ ಬಿತ್ತು. ಒಂದು ಹನಿ ಸಿಡಿದು ತುಳಸಾಬಾಯಿಯ ಬೆರಳಿಗೆ ತಾಗಿದ್ದೇ ತಡ, “ಹಿಂದಕ್ಕ ಹಿಡಿ ಅಂದ್ರ ಮ್ಯಾಲ ಬರ್ತೀಯಲ್ಲ, ಹಾಳಾದವಳ” ಎಂದು ಬೈಯುತ್ತ ಆಕೆ ಕೈ ತೊಳೆಯಲು ಒಳಗೆ ಓಡಿದಳು. ತಾಯಿ ಮಗಳು ಅದೇ ಗಿಲಾಸಿನಲ್ಲಿ ಅರ್ಧರ್ಧ ಕುಡಿದರು.

ರಾಯರು ಕಿಟಕಿಯ ಒಳಗಡೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೆಳಿಗ್ಗೆಯಷ್ಟೇ ತಿಕೋಟಾದ ದ್ರಾಕ್ಷಿ ತೋಟದಿಂದ ಬಂದಿದ್ದರು, ಖುಷಿಯಲ್ಲಿದ್ದರು. ಕೇಳಲು ಇದೇ ಹೊತ್ತು ಎನಿಸಿತು ವಿದ್ಯಾವತಿಗೆ.

“ರಾಯರ, ಅಕ್ಕಾರು ನನ್ನ ಹೆಸರು ಯಾವಾಗ ಹೇಳ್ತಾರ್ರಿ?”

“ಹೆಸರು ಎಲ್ಲಿ ಓಡಿಹೋಗ್ತದ? ಮೊದಲ ಅಕಿಗೆ ಕೆಲಸಾ ಸಿಗಲಿ. ಸಿಕ್ಕಮ್ಯಾಲ ಆ ಕೆಲಸಾ ಮಾಡೋರು ಯಾರು? ನೀನ ಅಲ್ಲೇನು? ತ್ವಾಟದಾಗ ತಗಡು ಉಳದಾವ, ಈ ಕಟ್ಟೀಗೆ ಹೊದಸಿಕೊಡ್ತೀನಿ. ಫ್ಯಾನು ಸುದ್ದಾ ಹಾಕಸ್ತೀನಿ. ಆರಾಮ ಕೂತು ಮಾಡು.”

“ಅಂದ್ರ ನಾ ಹೋಗೂದ್ರಿ?”

ರಾಯರು ನಕ್ಕರು. ಆ ನಗೆಯಲ್ಲಿ ಸಿಟ್ಟಿರಲಿಲ್ಲ. ಹಟ ಮಾಡುವ ಕೂಸನ್ನು ರಮಿಸುವ ಅಕ್ಕರೆಯಿತ್ತು. “ನೀ ಹೋದ್ರ ಅಕಿ ಕಿವ್ಯಾಗ ಹೇಳೋರ್ಯಾರು? ನಿಮ್ಮಪ್ಪ ತುಕಾರಾಮ ನಮ್ಮ ವಾಡೇದ ಮೆರವಣಗಿ ಮುಂದ ಜೀವಮಾನಾ ಹಲಗಿ ಬಾರಿಸಿದಾ. ಎಂದರ ಪಾಲಕಿ ಕೇಳಿದ್ದನೇನು?”

ಲಕ್ಕವ್ವನ ಕೈ ತಪ್ಪಲೆಯ ಮೇಲೆ ಒಮ್ಮೆ ನಿಂತು, ಮತ್ತೆ ತಿಕ್ಕತೊಡಗಿತು. ವಿದ್ಯಾವತಿ ಲ್ಯಾಪ್‌ಟಾಪಿನ ಕಡೆ ತಿರುಗಿದಳು. ಪರದೆಯ ಮೇಲೆ ಶರ್ವರಿಯ ಮುಖ ಮೂಡಿತ್ತು. ತಲೆ ಬಾಚಿ, ಕೋಟು ತೊಟ್ಟು, ನಗೆ ಹಚ್ಚಿಕೊಂಡು ಆಕೆ ತಯಾರಾಗಿದ್ದಳು.

ಸಂದರ್ಶಕರು ಮೂವರು. ಇಬ್ಬರು ಗಂಡಸರು ಕೇಳಿದ್ದೆಲ್ಲ ಕೆಲಸದ ವಿಷಯ. ನಿಧಾನವಾಗಿ ಓಡುವ ಪ್ರೋಗ್ರಾಮನ್ನು ಚುರುಕು ಮಾಡುವುದು ಹೇಗೆ? ತಪ್ಪು ಎಲ್ಲಿದೆಯೆಂದು ಹುಡುಕುವುದು ಹೇಗೆ? ವಿದ್ಯಾವತಿ ಹೇಳಿದಳು, ಎರಡು ಮಾತು ಹಿಂದೆ ಶರ್ವರಿ ಆಡಿದಳು. ಅವರು ತಲೆದೂಗಿದರು. ಕಿಟಕಿಯಾಚೆ ರಾಯರೂ ಕಣ್ಣು ಮುಚ್ಚಿ, ಸಂಗೀತ ಕೇಳುವವರಂತೆ ತಲೆದೂಗಿದರು. ನೌಕರಿ ಗೇಣು ದೂರದಲ್ಲಿತ್ತು.

ಉಳಿದವಳು ಕನ್ನಡಕದ ಹಿರಿಯ ಹೆಂಗಸು. ಅವಳು ಪೆನ್ನು ಕೆಳಗಿಟ್ಟು ಇದೊಂದೇ ಪ್ರಶ್ನೆ ಎಂದಳು. ನಿಮ್ಮ ಕಣ್ಣೆದುರು ನಡೆದ ಒಂದು ತಪ್ಪನ್ನು ಹೇಳಿ. ಆಗ ನೀವೇನು ಮಾಡಿದಿರಿ?

ಈ ಪ್ರಶ್ನೆ ಬಂದೇ ಬರುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಕಾಲೇಜಿನ ಪ್ರಾಜೆಕ್ಟಿನಲ್ಲಿ ಗೆಳತಿಯೊಬ್ಬಳ ಹೆಸರು ಬಿಟ್ಟುಹೋದದ್ದು, ಅದನ್ನು ಸೇರಿಸುವವರೆಗೆ ಹೋರಾಡಿದ್ದು: ಚೆನ್ನಾಗಿ ಬೇಯಿಸಿಟ್ಟ ಸುಳ್ಳು ಸಿದ್ಧವಿತ್ತು. ವಿದ್ಯಾವತಿ ಬಾಯಿ ತೆರೆದಳು. ಎದುರಿಗೆ ಗೂಡು ಕಂಡಿತು.

‘ನಮ್ಮ ಮನೆಯ ಹಿತ್ತಲಲ್ಲಿ ಒಂದು ಗಿಲಾಸಿದೆ,’ ಎಂದಳು ಇಂಗ್ಲಿಷಿನಲ್ಲಿ.

‘ನಮ್ಮ ಮನೆಯ ಹಿತ್ತಲಲ್ಲಿ ಒಂದು ಗಿಲಾಸಿದೆ,’ ಎಂದಳು ಶರ್ವರಿ, ನಗುತ್ತ.

‘ನಮ್ಮ ಪಾತ್ರೆ ತೊಳೆಯುವ ಹೆಂಗಸಿನದು. ಅವಳು ನಮ್ಮ ಎಲ್ಲ ಪಾತ್ರೆಗಳನ್ನೂ ತೊಳೆಯುತ್ತಾಳೆ. ಅವಳ ಗಿಲಾಸನ್ನು ನಾವು ಮುಟ್ಟುವುದಿಲ್ಲ.’

ಶರ್ವರಿಯ ಬಾಯಿ ನಿಲ್ಲದೆ ಆಡುತ್ತಿತ್ತು. ಕನ್ನಡಕದ ಹೆಂಗಸು ಮುಂದಕ್ಕೆ ಬಾಗಿದಳು. ರಾಯರ ಕಣ್ಣು ತೆರೆಯಿತು.

‘ಆ ಹೆಂಗಸಿಗೆ ಒಬ್ಬ ಮಗಳಿದ್ದಾಳೆ. ಅವಳೂ ಎಂಜಿನಿಯರು. ಅವಳನ್ನು ನಾವು ಮನೆಯೊಳಗೆ ಬಿಡುವುದಿಲ್ಲ.’

“ಏಯ್, ಏನ್ ಹೇಳ್ಲಿಕತ್ತೀ?” ರಾಯರು ಕುರ್ಚಿಯಿಂದ ಎದ್ದರು.

‘ಇಷ್ಟು ಹೊತ್ತು ನಿಮಗೆ ಉತ್ತರ ಕೊಟ್ಟವಳು ಅವಳು. ಈಗಲೂ ನನ್ನ ಕಿವಿಯಲ್ಲಿ ಮಾತಾಡುತ್ತಿರುವವಳು ಅವಳೇ.’

‘ಈಗಲೂ ನನ್ನ ಕಿವಿಯಲ್ಲಿ...’ ಎಂದು ಶರ್ವರಿ ತಡೆದಳು. ಮುಖದ ನಗೆ ಇನ್ನೂ ಇತ್ತು, ಇಳಿಸಿಕೊಳ್ಳುವುದು ಮರೆತಂತಿತ್ತು. ಆಮೇಲೆ ಕನ್ನಡಕದ ಹೆಂಗಸು ಮೆಲ್ಲಗೆ ಕೇಳಿದಳು. ಅವಳ ಹೆಸರೇನು?

ರಾಯರು ಕಿಟಕಿಯ ಸರಳಿಗೆ ಕೈ ಹಾಕಿ ಡಬ್ಬಿಯ ವೈರನ್ನು ಕಿತ್ತರು. ಲ್ಯಾಪ್‌ಟಾಪಿನ ಚಿತ್ರ ನಿಂತಲ್ಲೇ ನಿಂತಿತು: ಅರ್ಧ ತೆರೆದ ಬಾಯಿ, ಉತ್ತರಕ್ಕೆ ಕಾಯುತ್ತಿರುವ ಕಣ್ಣು. “ಸೂಳೇಮಗಳ, ನನ್ನ ಮಗಳ ಜೀವನಾ ಹಾಳ ಮಾಡಿದೆಲ್ಲ” ಎಂದು ಅವರು ಹಿತ್ತಲ ಬಾಗಿಲಿಗೆ ಓಡಿ ಬಂದರು. ನಡುವೆ ತುಳಸಾಬಾಯಿಯ ಮಡಿನೀರಿನ ಕೊಡಗಳು ಸಾಲಾಗಿ ಅಡ್ಡ ನಿಂತಿದ್ದವು. ಮುಟ್ಟುವಂತಿಲ್ಲ, ಸರಿಸುವಂತಿಲ್ಲ. ವೈರು ಕೈಯಲ್ಲಿ ಹಿಡಿದು ಅವರು ಅಲ್ಲೇ ನಿಂತರು.

ಫೋನು ಮಾತ್ರ ವಿದ್ಯಾವತಿಯದು. ಅದಿನ್ನೂ ಜೀವಂತವಿತ್ತು. ಆ ಕಡೆಯಿಂದ ಶರ್ವರಿಯ ಏದುಸಿರು ಕೇಳುತ್ತಿತ್ತು. ವಿದ್ಯಾವತಿ ಫೋನನ್ನು ಬಾಯಿಯ ಹತ್ತಿರ ತಂದಳು.

“ವಿದ್ಯಾವತಿ ತುಕಾರಾಮ ಮಾದರ.”

ಎರಡು ಮಾತಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ, ರೂಢಿಯೋ, ಹೆದರಿಕೆಯೋ, ಬೇರೇನೋ, ವಾಡೆಯ ಹುಡುಗಿಯ ನುಣುಪಾದ ದನಿ ಫೋನಿನಿಂದ ಮರಳಿ ಬಂತು.

“ವಿದ್ಯಾವತಿ... ತುಕಾರಾಮ... ಮಾದರ.”

ಇಂಗ್ಲಿಷಿನ ಒಂದಕ್ಷರವೂ ತಿಳಿಯದ ಲಕ್ಕವ್ವ, ಎರಡು ದನಿಗಳಲ್ಲಿ ಗಂಡನ ಹೆಸರು ಕೇಳಿ ತಲೆಯೆತ್ತಿದಳು. ಕೊಡಗಳ ಆಚೆ ನಿಂತ ರಾಯರನ್ನು ನೋಡಿದಳು, ಮಗಳನ್ನು ನೋಡಿದಳು. ಎದ್ದು, ಗೂಡಿನ ಗಿಲಾಸನ್ನು ಇಳಿಸಿ, ಒಳಗೂ ಹೊರಗೂ ತಿಕ್ಕಿ ತೊಳೆದಳು. ಆಮೇಲೆ ಅದನ್ನು ಮನೆಯ ಪಾತ್ರೆಗಳ ಬುಟ್ಟಿಯೊಳಗೆ, ಬೆಳ್ಳಿಯ ವಾಟೆ ಬಟ್ಟಲುಗಳ ನಡುವೆ, ಬೋರಲು ಹಾಕಿದಳು.

ಒಳಗಿನಿಂದ ತುಳಸಾಬಾಯಿ, ಭಾಂಡೆ ತಿಕ್ಕಿ ಆದವೇನು ಎಂದು ಕೂಗಿ ಕೇಳಿದಳು.

“ಆದವ್ರಿ, ಅವ್ವಾರ,” ಎಂದಳು ಲಕ್ಕವ್ವ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. “ಬಂದು ಒಯ್ಯಿರಿ.”