ತಲೆ ಎಣಿಕೆ

ಲೂಸಿಂಡಾ ತಾಯಿಯ ಶವಪೆಟ್ಟಿಗೆಯೊಳಗಿಂದ ಕಪ್ಪು ಗೌನನ್ನು ಎಳೆದು ತೆಗೆದಳು. ಪದವಿ ಪಡೆಯುವ ದಿನ ತೊಡುವ ಗೌನು. ಹೊದಿಸಿದವನು ಲೆಂಗ್ ವಾಂಗ್, ಕಮ್ಯುನಿಟಿ ಕಾಲೇಜಿನಲ್ಲಿ ತಾಯಿಯ ಜೊತೆ ವೆಲ್ಡಿಂಗ್ ಕಲಿತವನು. ಗೌನೂ ಅವನದೇ.

"ಅಮ್ಮ ಓದು ಮುಗಿಸ್ಲಿಲ್ಲ ಕಣಪ್ಪಾ. ಹೋಗೋ ಹೊತ್ತಲ್ಲಿ ಸುಳ್ಳು ಯಾಕೆ ಹೊದಿಸ್ತೀಯಾ?"

ಲೆಂಗ್ ತಲೆ ತಗ್ಗಿಸಿ ಗೌನು ಮಡಚಿಕೊಂಡ.

ತಾಯಿ ಇಡಲೀನಾ ಬೋರ್ಬಾ ಹಗಲು ಶಾಲೆಯ ಅಡುಗೆಮನೆಯಲ್ಲಿ ದುಡಿದು ಸಂಜೆ ಕಾಲೇಜಿಗೆ ಓಡುತ್ತಿದ್ದಳು. ಮಗಳು ಹೈಸ್ಕೂಲಿನಲ್ಲಿದ್ದಾಗ ಶುರುವಾದ ಓದು, ಮೊಮ್ಮಗಳು ಹೈಸ್ಕೂಲಿಗೆ ಬಂದರೂ ಮುಗಿದಿರಲಿಲ್ಲ. ಅದೂ ಎಂಥ ಪದವಿ, ಎರಡು ವರ್ಷದ್ದು! ನೆಂಟರಿಷ್ಟರೆಲ್ಲ ಆಡಿಕೊಂಡು ನಕ್ಕಿದ್ದರು.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಹಾಲ್‌ನಲ್ಲಿ ಊಟ. ಲೂಸಿಂಡಾ ಬ್ರೆಡ್ಡಿನ ಮೇಲೆ ಮಾಂಸದ ಸಾರು ಸುರಿದು ಕೊಡುತ್ತ ಒಬ್ಬೊಬ್ಬರ ಮಾತು ಕೇಳಿಸಿಕೊಂಡಳು. ಆ ಕಾಲೇಜಿನಲ್ಲಿ ಜನ ಸಾಲದ ತರಗತಿಯನ್ನು ಮೊದಲ ವಾರವೇ ರದ್ದು ಮಾಡುತ್ತಾರೆ. ಒಂದು ತಲೆ ಕಮ್ಮಿ ಬಿದ್ದಾಗಲೆಲ್ಲ ಇಡಲೀನಾ ತನಗೆ ಬೇಕಿಲ್ಲದಿದ್ದರೂ ಹೆಸರು ಕೊಟ್ಟು ಹೋಗಿ ಕೂರುತ್ತಿದ್ದಳಂತೆ. ಹಾಗೆ ಉಳಿದ ವೆಲ್ಡಿಂಗ್ ತರಗತಿಯಿಂದ ಲೆಂಗ್‌ಗೆ ಕೆಲಸ ಸಿಕ್ಕಿತು. ಮರಿಸೋಲ್ ಎಂಬ ಹುಡುಗಿ ಅಲ್ಲಿ ಅಗ್ಗದಲ್ಲಿ ಎರಡು ವರ್ಷ ಕಳೆದು ದೊಡ್ಡ ವಿಶ್ವವಿದ್ಯಾಲಯಕ್ಕೆ ದಾಟಿಕೊಂಡಳು. ಮುದುಕ ಆರ್ಲೊಗೆ ಪದವಿಯ ಗೊಡವೆಯೇ ಇಲ್ಲ. ಮಡಕೆ ಸುಡಲು ಕಾಲೇಜಿನ ಭಟ್ಟಿ ಬೇಕಿತ್ತು, ಹೆಂಡತಿ ಸತ್ತ ಮೇಲೆ ಮಾತಿಗೆ ಜನ ಬೇಕಿತ್ತು. ಎಲ್ಲರೂ ಹೊಗಳುವವರೇ. ಲೂಸಿಂಡಾಗೆ ಮೈಯೆಲ್ಲ ಉರಿಯಿತು.

\*

ಹೋದ ಆಗಸ್ಟ್. ಇಡಲೀನಾ ಅವರೆ ಬಿಡಿಸುತ್ತ ಕೂತಿದ್ದಳು. ಅವಳ ಪದವಿಗೆ ಉಳಿದದ್ದು ಒಂದೇ, ಸಂಜೆಯ ಭೂವಿಜ್ಞಾನ. ವರ್ಷವರ್ಷವೂ ಜನ ಸಾಲದೆ ಅದು ನಿಂತುಹೋಗುತ್ತಿತ್ತು.

"ನೀನೊಂದು ಹೆಸರು ಕೊಡೇ. ಒಂದೇ ತಲೆ ಕಮ್ಮಿ."

"ಕಲ್ಲು ಮಣ್ಣು ಓದ್ಕೊಂಡು ನಾನೇನಮ್ಮಾ ಮಾಡ್ಲಿ? ಪುರುಸೊತ್ತಿಲ್ಲ ನಂಗೆ."

ಇಡಲೀನಾ ಇನ್ನೊಮ್ಮೆ ಕೇಳಲಿಲ್ಲ.

\*

ಲೂಸಿಂಡಾ ಸೌಟನ್ನು ಪಾತ್ರೆಗೆ ಎಸೆದಳು.

"ಅಮ್ಮನ ಕ್ಲಾಸು ನಿಂತೋದಾಗ ಎಲ್ಲಿ ಸತ್ತಿದ್ರಿ ನೀವೆಲ್ಲ?"

ಲೆಂಗ್ ಮೆಲ್ಲಗೆ ಹೇಳಿದ:

"ಅವ್ರು ನಮ್ಮನ್ನ ಕೇಳ್ಲೇ ಇಲ್ಲ ಅಕ್ಕಾ. ಮಗಳು ಬರ್ತಾಳೆ, ಒಟ್ಟಿಗೆ ಕೂತ್ಕೋತೀವಿ ಅಂತಿದ್ರು."

ಬಾಗಿಲ ಬಳಿಯ ಮೇಜಿನಲ್ಲಿ ಭೂವಿಜ್ಞಾನದ ಮೇಷ್ಟ್ರು ಹ್ಯಾಡಿಕ್ಸ್ ಕೂತಿದ್ದರು. ತರಗತಿಯ ಮೊದಲ ದಿನ ಮಾಡುವ ಅಭ್ಯಾಸವೋ ಏನೋ, ಬೆರಳು ಎತ್ತಿ ಅಲ್ಲಿದ್ದವರ ತಲೆ ಎಣಿಸುತ್ತಿದ್ದರು. ಸಾಲು ಮುಗಿಸಿದ ಬೆರಳು ಲೂಸಿಂಡಾಳ ಮೇಲೆ ಬಂದು ನಿಂತಿತು.