ಹತ್ತನೇ ನಂಬರಿನ ಗಾಜು, ಮುಕ್ಕಾಲು ಗ್ರಹಣ

ಬೆಳಿಗ್ಗೆ ಏಳೂವರೆಗೇ ವೆಲ್ಡಿಂಗ್ ಅಂಗಡಿಯ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ಗೇಟು ಮಾಡಿಸುವುದಕ್ಕಲ್ಲ, ಕಿಟಕಿಯ ಸರಳು ಕೂಡಿಸುವುದಕ್ಕೂ ಅಲ್ಲ; ಸೂರ್ಯಗ್ರಹಣ ನೋಡುವುದಕ್ಕೆ. ನಮ್ಮ ಊರಲ್ಲಿ ಎಂಟು ಗಂಟೆಗೆ ಶುರು, ಒಂಬತ್ತೂಕಾಲಿಗೆ ಮುಕ್ಕಾಲು ಸೂರ್ಯ ಮುಚ್ಚುತ್ತಾನೆ ಎಂದು ಪತ್ರಿಕೆಯಲ್ಲಿ ಬಂದದ್ದೇ ತಡ, ವೆಲ್ಡರ್ ಬೀದಿಗೆಲ್ಲ ಕರೆ ಕೊಟ್ಟುಬಿಟ್ಟಿದ್ದ.

"ನನ್ನ ವೆಲ್ಡಿಂಗ್ ಮುಖವಾಡ ಇರುವಾಗ ಚಿಂತೆ ಯಾಕೆ? ಒಬ್ಬೊಬ್ಬರಿಗೂ ಎರಡೆರಡು ನಿಮಿಷ!"

ಮೊದಲ ಸರದಿ ಅವನ ಹತ್ತು ವರ್ಷದ ಮಗಳದು. ನಿಂತಲ್ಲಿ ನಿಲ್ಲಲಾಗದೆ ಕುಣಿಯುತ್ತಿದ್ದಳು. ಎರಡನೆಯದು ಪಕ್ಕದ ಕ್ಷೌರದಂಗಡಿಯವನದು. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿಯನ್ನೂ ಎಬ್ಬಿಸಿಕೊಂಡು ಬಂದಿದ್ದ ಪುಣ್ಯಾತ್ಮ.

"ಅಪ್ಪಾ, ಶುರುವಾಯ್ತಾ?"

"ಆಯ್ತು ಪುಟ್ಟಿ, ಎಂಟು ಹೊಡೀತು, ಬಾ ಬಾ."

ಅವನು ಮುಖವಾಡವನ್ನು ಮಗಳ ಮುಖಕ್ಕೆ ಹಿಡಿದ. ಅಷ್ಟರಲ್ಲಿ ಯಾರದೋ ಕೈ ಬಂದು ಗಾಜನ್ನು ಮುಚ್ಚಿತು. ನೋಡಿದರೆ ನಾದಿನಿ! ಕಣ್ಣಾಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುವವಳು. ಕೆಲಸಕ್ಕೆ ಹೊರಟಿದ್ದವಳು ಈ ಸಾಲು ಕಂಡು, ಸ್ಕೂಟರ್ ನಿಲ್ಲಿಸಿ ಓಡಿ ಬಂದಿದ್ದಳು.

"ಭಾವ, ಈ ಗಾಜು ಎಷ್ಟನೇ ನಂಬರು?"

"ಹತ್ತು. ಯಾಕೆ?"

"ನಂಬರು ಹೆಚ್ಚಿದಷ್ಟೂ ಗಾಜು ಕಪ್ಪು. ಸೂರ್ಯನ್ನ ನೋಡೋಕೆ ಹದಿನಾಲ್ಕು ಬೇಕು."

ವೆಲ್ಡರ್‌ಗೆ ನಗು ಬಂತು. "ನನಗೇ ಪಾಠ ಹೇಳ್ತೀಯೇನಮ್ಮ? ಇಪ್ಪತ್ತು ವರ್ಷದಿಂದ ಇದೇ ಗಾಜಲ್ಲಿ ಕಿಡಿ ನೋಡ್ತಿದೀನಿ. ಹೆಚ್ಚುಕಮ್ಮಿ ಆದ್ರೆ ಕಣ್ಣಿಗೆ ಮರಳು ಹಾಕಿದ ಹಾಗೆ ಚುಚ್ಚುತ್ತೆ. ಚುಚ್ಚಿದ ತಕ್ಷಣ ತೆಗೆದ್ರಾಯ್ತು!"

"ಅಲ್ಲೇ ನೀವು ಎಡವಿದ್ದು. ಕಿಡಿ ಸುಡೋದು ಕಣ್ಣಿನ ಮುಂಭಾಗನ. ಅದು ಕೆಲವು ಗಂಟೆ ಆದ್ಮೇಲಾದ್ರೂ ಚುಚ್ಚುತ್ತೆ, ಎರಡು ದಿನಕ್ಕೆ ವಾಸಿ ಆಗುತ್ತೆ. ಸೂರ್ಯ ಸುಡೋದು ಒಳಗಿನ ಪರದೆನ. ಅದಕ್ಕೆ ನೋವೇ ಗೊತ್ತಾಗಲ್ಲ. ನಮಗೆ ತಿಳಿಯೋ ಹೊತ್ತಿಗೆ ಎಲ್ಲ ಮುಗಿದಿರುತ್ತೆ."

ಕ್ಷೌರಿಕ ಬಾಯಿ ಹಾಕಿದ. "ಹೋದ ಸಲ ಟೀವಿಲಿ ಜನ ಬರಿಗಣ್ಣಲ್ಲೇ ನೋಡ್ತಿದ್ರಲ್ಲಮ್ಮ?"

"ಆ ಊರಲ್ಲಿ ಸೂರ್ಯ ಪೂರ್ತಿ ಮುಚ್ಚಿದ್ದ ಅಣ್ಣ. ಪೂರ್ತಿ ಮುಚ್ಚಿದ ಆ ಒಂದೆರಡು ನಿಮಿಷ ಮಾತ್ರ ಹಾಗೆ ನೋಡಬಹುದು. ನಮ್ಮ ಊರಿಗೆ ಸಿಗೋದು ಮುಕ್ಕಾಲು ಗ್ರಹಣ. ಕಣ್ಣು ಸುಡೋಕೆ ಉಳಿದ ಕಾಲು ಸೂರ್ಯ ಧಾರಾಳ ಸಾಕು."

ವೆಲ್ಡರ್ ಇನ್ನೂ ಮುಖವಾಡ ಬಿಡಲಿಲ್ಲ. ಬೀದಿಯ ಮುಂದೆ ಮರ್ಯಾದೆಯ ಪ್ರಶ್ನೆ ನೋಡಿ! ನಾದಿನಿ ದನಿ ತಗ್ಗಿಸಿದಳು.

"ಹೋದ ಗ್ರಹಣದ ಮಾರನೇ ದಿನ ಒಬ್ಬ ಬಸ್ ಡ್ರೈವರ್ ಬಂದಿದ್ರು. ನೋವಿಲ್ಲ, ಉರಿಯಿಲ್ಲ. ಆದ್ರೆ ಯಾರ ಮುಖ ನೋಡಿದ್ರೂ ನಡುವೆ ಕಪ್ಪು ಕಲೆ. ಸುತ್ತ ಎಲ್ಲ ಕಾಣುತ್ತೆ, ನೋಡಬೇಕಾದ್ದೇ ಕಾಣಲ್ಲ. ಇವತ್ತಿಗೂ ಅವರು ಸ್ಟೇರಿಂಗ್ ಹಿಡಿದಿಲ್ಲ. ನೀವು ಬೆಸುಗೆ ಹಾಕೋ ಜಾಗದಲ್ಲೇ ಆ ಕಲೆ ಕೂತ್ರೆ? ಹೋಗಲಿ, ಇವಳ ಕಣ್ಣಲ್ಲಿ ಕೂತ್ರೆ?"

ವೆಲ್ಡರ್ ಮಗಳತ್ತ ನೋಡಿದ. ಮುಖವಾಡವನ್ನು ಕೆಳಗಿಟ್ಟ.

"ನನ್ನ ಕೈಯಾರೆ ನಾನೇ ಇವಳ ಕಣ್ಣು ಕಳೀತಿದ್ದೆ," ಎಂದ.

ಮಗಳ ಮುಖ ಸಪ್ಪಗಾಯಿತು. "ಹಾಗಾದ್ರೆ ನೋಡೋ ಹಾಗೇ ಇಲ್ವಾ ಚಿಕ್ಕಮ್ಮ?"

"ಯಾಕಿಲ್ಲ? ನಿಮ್ಮಪ್ಪನ ಹತ್ರ ಡ್ರಿಲ್ ಇದೆಯಲ್ಲ! ಭಾವ, ಒಂದು ತಗಡು ತಗೊಳ್ಳಿ. ಮೂರು ಮಿಲಿಮೀಟರಿನ ತೂತುಗಳನ್ನ ದೂರ ದೂರ ಹೊಡೀರಿ. ಬೇಗ, ಗ್ರಹಣ ನಿಮಗೋಸ್ಕರ ಕಾಯಲ್ಲ!"

ಡ್ರಿಲ್ ಗರ್ರೆಂದಿತು. ನೋಡನೋಡುತ್ತಿದ್ದಂತೆ ನಲವತ್ತು ತೂತು. ಕ್ಷೌರಿಕ ಗಿರಾಕಿಯ ಕೊರಳಿಂದಲೇ ಬಿಳಿ ಬಟ್ಟೆ ಬಿಚ್ಚಿ, ಗೋಡೆಗೆ ಬಿಗಿದ. ವೆಲ್ಡರ್ ಎರಡು ಮಾರು ದೂರ ನಿಂತು, ತಗಡನ್ನು ತಲೆಯ ಮೇಲೆ ಎತ್ತಿ ಹಿಡಿದ.

"ಎಲ್ಲರೂ ಸೂರ್ಯನಿಗೆ ಬೆನ್ನು ಹಾಕಿ! ತೂತಿನೊಳಗೆ ಇಣುಕಬೇಡಿ, ಬಟ್ಟೆ ಮಾತ್ರ ನೋಡಿ!" ನಾದಿನಿ ಕೂಗಿದಳು.

ಬಟ್ಟೆಯ ಮೇಲೆ ನಲವತ್ತು ಪುಟ್ಟ ಸೂರ್ಯರು! ಪ್ರತಿಯೊಬ್ಬನ ಅಂಚಿನಲ್ಲೂ ಯಾರೋ ಕಚ್ಚಿದಂತೆ ಒಂದೊಂದು ತುಂಡು ಮಾಯ. ಬೀದಿಗೆ ಬೀದಿಯೇ ಹೋ ಎಂದಿತು. ಹೊತ್ತು ಹೋದಂತೆ ಸೂರ್ಯರು ಸವೆಯುತ್ತ ಬಂದರು. ಒಂಬತ್ತೂಕಾಲಿಗೆ ಬಿಸಿಲು ಮಂಕಾಗಿ, ಬೆನ್ನಿಗೆ ತಂಪು ತಾಗಿತು. ಬಟ್ಟೆಯ ತುಂಬ ನಲವತ್ತು ಕುಡುಗೋಲು ಹೊಳೆದವು. ಅರ್ಧ ಗಡ್ಡದ ಗಿರಾಕಿ ತನ್ನ ಇನ್ನರ್ಧವನ್ನು ಮರೆತೇಬಿಟ್ಟಿದ್ದ.

ಮಗಳು ಬಟ್ಟೆಯ ಮುಂದೆ ಅಂಗೈ ಒಡ್ಡಿದಳು. "ಅಪ್ಪಾ, ಸೂರ್ಯ ನನ್ನ ಕೈಯಲ್ಲಿದಾನೆ! ನೋಡಪ್ಪಾ!"

ವೆಲ್ಡರ್‌ನ ತೋಳು ಸೋತಿದ್ದವು, ಆದರೂ ತಗಡನ್ನು ಬೇರೆಯವರ ಕೈಗೆ ಕೊಡಲಿಲ್ಲ. ಮಗಳು ಅವನ ಪಕ್ಕಕ್ಕೆ ಬಂದು, ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ತನ್ನ ಮುಖ ಅವಳಿಗೆ ಪೂರ್ತಿಯಾಗಿ ಕಾಣುತ್ತಿದೆ ಎಂದುಕೊಂಡು ಅವನು ತಗಡನ್ನು ಇನ್ನಷ್ಟು ಮೇಲಕ್ಕೆತ್ತಿದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿಗೆ ಗ್ರಹಣ ಎಷ್ಟು ಭಾಗ ಕಾಣುತ್ತದೆ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ತಂಪು ಕನ್ನಡಕ, ಎಕ್ಸ್‌ರೇ ಹಾಳೆ, ಮಸಿ ಹಿಡಿಸಿದ ಗಾಜು, ಯಾವುದನ್ನೂ ನಂಬಬೇಡಿ. ಪ್ರಮಾಣಪತ್ರ ಇರುವ, ಗೀರು ಬಿದ್ದಿರದ ಗ್ರಹಣದ ಕನ್ನಡಕ ಸಿಕ್ಕರೆ ಸರಿ. ಸಿಗದಿದ್ದರೆ ತೂತು ಮಾಡಿದ ಒಂದು ರಟ್ಟು, ಒಂದು ಬಿಳಿ ಗೋಡೆ ಸಾಕು. ನೋಡಿದ ಮೇಲೆ ಕಣ್ಣೆದುರು ಕಲೆ ಕಂಡರೆ, ನೋವಿಲ್ಲವಲ್ಲ ಎಂದು ಸುಮ್ಮನಿರದೆ ಅಂದೇ ಕಣ್ಣಾಸ್ಪತ್ರೆಗೆ ಹೋಗಿ. ಗ್ರಹಣಕ್ಕೆ ಹೆದರಿ ಒಳಗೆ ಕೂರುವುದೇನೂ ಬೇಡ. ಹೊರಗೆ ಬನ್ನಿ, ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ, ನಿಮ್ಮ ಮಕ್ಕಳ ಅಂಗೈಗೂ ಒಂದೊಂದು ಸೂರ್ಯನನ್ನು ಇಳಿಸಿಕೊಡಿ.